ಮೋನಕ್ಕ ಬರೆದ ಬೂಟು

ನಮ್ಮೂರಿನಲ್ಲಿ ಗೋಡೆಯ ಮೇಲೆ ಕುಂಚ ಹಿಡಿದು ಬರೆದದ್ದು ಸುಳ್ಳಾಗಿದ್ದರೆ ಮಾರನೆಯ ಬೆಳಗ್ಗೆ ಬಿಸಿಲು ತಾಗುತ್ತಿದ್ದಂತೆ ಉದುರಿಹೋಗುತ್ತದೆ. ಅದಕ್ಕೇ ಇಲ್ಲಿನ ಅಂಗಡಿ ಬೋರ್ಡುಗಳು ಬೇರೆ ಊರಿನವರಿಗೆ ವಿಚಿತ್ರವಾಗಿ ಕಾಣುತ್ತವೆ. ಸಂತೆಬೀದಿಯ ಹೋಟೆಲಿನ ಗೋಡೆಯ ಮೇಲೆ 'ಬೆಳಗ್ಗೆ ಒಂಬತ್ತರವರೆಗೆ ಬಿಸಿ ಇಡ್ಲಿ, ಆಮೇಲೆ ಇಡ್ಲಿ' ಎಂದಿದೆ. ಟೇಲರ್ ಗೌಸಣ್ಣ 'ಹೇಳಿದ ದಿನಕ್ಕೆ ಬಟ್ಟೆ' ಎಂದು ಹನ್ನೊಂದು ಸಲ ಬರೆಸಿದ. ಹನ್ನೊಂದು ಸಲವೂ ಉದುರಿತು. ಕೊನೆಗೆ 'ಹೇಳಿದ ದಿನ ಕಳೆದು ನಾಲ್ಕು ದಿನದೊಳಗೆ ಬಟ್ಟೆ' ಎಂದು ಬರೆಸಿದ. ಅದು ಎಂಟು ವರ್ಷದಿಂದ ನಿಂತಿದೆ, ಗಿರಾಕಿಗಳೂ ನಿಂತಿದ್ದಾರೆ. ನವಿಲು, ಹೂಬಳ್ಳಿ, ದೇವರ ಚಿತ್ರಗಳಿಗೆ ತೊಂದರೆಯಿಲ್ಲ. ಚುನಾವಣೆ ಬಂದರೆ ಪಕ್ಷದವರು ಗೋಡೆಯ ತಂಟೆಗೆ ಹೋಗದೆ ಪಕ್ಕದ ಊರಿನಲ್ಲಿ ಫ್ಲೆಕ್ಸ್ ಮಾಡಿಸಿ ತರುತ್ತಾರೆ. ಯಂತ್ರದಲ್ಲಿ ಅಚ್ಚಾದದ್ದು ಉದುರುವುದಿಲ್ಲ. ನನ್ನ ಹೊಟ್ಟೆಪಾಡು ನಡೆದಿರುವುದೂ ಅದರಿಂದಲೇ. ಇಲ್ಲಿನ ನಾಲ್ಕು ಪುಟದ ವಾರಪತ್ರಿಕೆಗೆ ಸಂಪಾದಕ, ವರದಿಗಾರ, ಕರಡು ತಿದ್ದುವವನು ಎಲ್ಲವೂ ನಾನೇ. ಪ್ರತಿ ಶುಕ್ರವಾರ ಪತ್ರಿಕೆ ಬರುತ್ತದೆ.

ಉದುರಿದ ಬಣ್ಣದ ಹಕ್ಕಳೆಗಳನ್ನು ಗುಡಿಸುವವರು ಪುರಸಭೆಯ ಪೌರಕಾರ್ಮಿಕರು. ಯಾರು ಯಾವ ಸುಳ್ಳು ಬರೆಸಿದ್ದರು ಎನ್ನುವುದು ಊರಿನವರು ಎದ್ದು ಮುಖ ತೊಳೆಯುವ ಮೊದಲೇ ಅವರಿಗೆ ತಿಳಿದಿರುತ್ತದೆ. ಅವರು ಅದನ್ನು ಯಾರಿಗೂ ಹೇಳುವುದಿಲ್ಲ. ಅವರನ್ನು ಯಾರೂ ಕೇಳುವುದೂ ಇಲ್ಲ. ಒಟ್ಟು ಇಪ್ಪತ್ತು ಮಂದಿ ಇದ್ದರು. ಫೆಬ್ರವರಿ ಒಂಬತ್ತನೆಯ ತಾರೀಖಿನ ನಂತರ ಹತ್ತೊಂಬತ್ತಾದರು.

ಅವತ್ತು ಮಂಗಳವಾರ. ಬೆಳಗ್ಗೆ ಹತ್ತೂವರೆಗೆ ಬಸ್ ನಿಲ್ದಾಣದ ಹಿಂದೆ, ಪಂಪ್ ಹೌಸಿನ ಎದುರಿನ ಒಳಚರಂಡಿ ಗುಂಡಿಗೆ ಓಬಳೇಶ ಎಂಬ ಕಾರ್ಮಿಕ ಇಳಿದ. ಮೂವತ್ತನಾಲ್ಕು ವರ್ಷದವನು. ಹನ್ನೊಂದು ಗಂಟೆಗೆ ಅವನ ಹೆಣ ಮೇಲೆ ಬಂತು. ಗುರುವಾರ ಪುರಸಭೆಯಿಂದ ನನಗೆ ಒಂದು ಪ್ರಕಟಣೆ ಬಂತು. ಅದರಲ್ಲಿ ಇದ್ದದ್ದು ಇಷ್ಟು: ಕೆಲಸಗಾರನಿಗೆ ಗಂಬೂಟು, ಗ್ಲೌಸು, ಮುಖದ ಮಾಸ್ಕು ಎಲ್ಲವನ್ನೂ ಕೊಡಲಾಗಿತ್ತು. ಅವನು ಅವುಗಳನ್ನು ಧರಿಸದೆ, ಯಾರೂ ಹೇಳದಿದ್ದರೂ ತಾನಾಗಿ ಇಳಿದ. ಜಿಲ್ಲೆಯಿಂದ ಇಪ್ಪತ್ತಾರರಂದು ಅಧಿಕಾರಿಯೊಬ್ಬರು ವಿಚಾರಣೆಗೆ ಬರುತ್ತಾರೆ. ಕೆಳಗೆ ಮುಖ್ಯಾಧಿಕಾರಿ ವಿಶ್ವಾರಾಧ್ಯರ ಸಹಿ. ನಾನು ಅದನ್ನು ಆರು ಸಾಲಿಗೆ ಇಳಿಸಿ ಮೂರನೆಯ ಪುಟದಲ್ಲಿ ಹಾಕಿದೆ. 'ಎನ್ನಲಾಗಿದೆ' ಎಂಬ ಪದವನ್ನು ಕೂಡ ಸೇರಿಸಲಿಲ್ಲ. ಪುರಸಭೆಯ ಟೆಂಡರ್ ಜಾಹೀರಾತು ಅದರ ಪಕ್ಕದಲ್ಲೇ ಇತ್ತು.

ಶುಕ್ರವಾರ ಮಧ್ಯಾಹ್ನ ಓಬಳೇಶನ ಹೆಂಡತಿ ಮಾರೆಕ್ಕ ಪತ್ರಿಕೆ ಹಿಡಿದು ನನ್ನ ಕಚೇರಿಗೆ ಬಂದಳು. ಅವಳೂ ಪೌರಕಾರ್ಮಿಕಳೇ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಪೇಪರಣ್ಣ, ಇದನ್ನ ನೀನೇ ಬರ್ದಿದ್ದಾ?"

"ಪುರಸಭೆಯವರು ಕೊಟ್ಟದ್ದು, ಮಾರೆಕ್ಕ."

"ಕೊಟ್ಟೋರು ಯಾರಾರ ಇರ್ಲಿ. ಬರ್ದೋನು ನೀನು ತಾನೆ? ಹಂಗಾರೆ ಎದ್ದು ಬಾ. ಇದೇ ಆರು ಸಾಲು ಗೋಡೆ ಮೇಲೆ ಬರಿ. ನಾಳೆ ಬೆಳಗ್ಗೆ ನಿಂತಿದ್ರೆ ನಾನು ಬಾಯಿ ಮುಚ್ಕಂಡು ಮನೆಗೆ ಹೋಗ್ತೀನಿ."

ನಾನು ಏಳಲಿಲ್ಲ. ಅವಳು ತಾನು ಕಂಡದ್ದನ್ನು ಹೇಳಿದಳು. ಅವತ್ತು ಅವಳು ಬಸ್ ನಿಲ್ದಾಣದ ಹಿಂದೆಯೇ ಗುಡಿಸುತ್ತಿದ್ದಳು. ಮೇಸ್ತ್ರಿ ಫೋನಿನಲ್ಲಿ "ಆಯ್ತು ಸಾರ್, ಈಗ್ಲೇ ಇಳಿಸ್ತೀನಿ" ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಏಪ್ರಿಲ್ ಒಳಗೆ ಇನ್ನೂ ಏಳು ಗುಂಡಿಗಳ ಹೂಳು ತೆಗೆಸಬೇಕು ಎಂದು ಪಟ್ಟಿ ಆಗಿತ್ತು. "ಮುಂದಿನ ಗುಂಡಿ ಸರದಿ ನನ್ನ ತಮ್ಮ ತಿಪ್ಪೇಶಂದು. ಇವನು ತಾನಾಗೇ ಬಿದ್ದು ಸತ್ತ ಅಂತ ಆ ವಿಚಾರಣೆಯೋರು ಬರ್ಕಂಡು ಹೋದ್ರೆ, ಅವ್ನೂ ತಾನಾಗೇ ಬಿದ್ದು ಸಾಯ್ತಾನೆ. ಗೊತ್ತಾಯ್ತಾ?"

ಗೊತ್ತಾಯಿತು. ಮಾರನೆಯ ದಿನ ನಾನು ಅವಳನ್ನು ಮೋನಕ್ಕನ ಹತ್ತಿರ ಕರೆದುಕೊಂಡು ಹೋದೆ.

ಮೋನಮ್ಮ ನಮ್ಮೂರಿನ ಏಳು ಮಂದಿ ಬೋರ್ಡ್ ಬರೆಯುವವರಲ್ಲಿ ಹಿರಿಯಳು. ಐವತ್ತೆರಡು ವರ್ಷ. ಆಚಾರ್ ಮನೆಯವಳು, ಕೆಲಸ ಕಲಿತದ್ದು ಅಪ್ಪನಿಂದ. ಅವಳು ಬರೆದದ್ದು ಉದುರಿದ್ದನ್ನು ನಾನು ಕಂಡಿರಲಿಲ್ಲ. ಡಬ್ಬಿಗೆ ಕುಂಚ ಅದ್ದುವ ಮೊದಲು ಗಿರಾಕಿಗೆ ಮೂರು ಪ್ರಶ್ನೆ ಕೇಳುತ್ತಿದ್ದಳು: ನೀನೇ ಕಂಡಿದ್ದಾ, ಎಲ್ಲಿ, ಯಾವಾಗ. ಹೋಟೆಲಿನವನು 'ಶುದ್ಧ ತುಪ್ಪ' ಎಂದರೆ ಅಡುಗೆಮನೆಗೆ ಹೋಗಿ ಡಬ್ಬ ಮೂಸಿ ಬರುತ್ತಿದ್ದಳು. ನಾನು ಇಪ್ಪತ್ತಾರು ವರ್ಷ ವರದಿ ಬರೆದಿದ್ದೇನೆ. ಅಷ್ಟು ಸಲ ಅಡುಗೆಮನೆಗೆ ಹೋಗಿಲ್ಲ.

ಮಾರೆಕ್ಕ ಅವಳನ್ನು ಕೇಳಿದ್ದು ದೂರು ಬರೆದುಕೊಡು ಎಂದಲ್ಲ. "ಅಕ್ಕ, ನನ್ ಗಂಡನ ಚಿತ್ರ ಬರ್ಕೊಡು. ಪಂಪ್ ಹೌಸ್ ಗೋಡೆ ಮೇಲೆ, ಆಳೆತ್ತರ. ಹದಿನಾಲ್ಕು ವರ್ಷ ಈ ಊರು ಗುಡಿಸ್ದ. ಅವ್ನ ಹೆಸರು ಏನು ಅಂತ ಒಬ್ರಿಗೂ ಗೊತ್ತಿಲ್ಲ. ವಿಚಾರಣೆಯೋರು ಬಂದಾಗ ಅವ್ನ ಮುಖ ನೋಡ್ಕಂಡು ಮಾತಾಡ್ಲಿ."

ಮೋನಕ್ಕ ಮೂರು ಪ್ರಶ್ನೆ ಕೇಳಿದಳು. ಮಾರೆಕ್ಕ ಉತ್ತರ ಕೊಟ್ಟಳು. ಒಂದು ಹಳೆಯ ಫೋಟೊ ಕೊಟ್ಟಳು. ಎದ್ದು ಹೊರಟವಳು ಬಾಗಿಲಲ್ಲಿ ನಿಂತು ಮತ್ತೆ ಹೇಳಿದಳು: "ಬರಿಗಾಲಾಗೆ ಬರಿಬ್ಯಾಡ ಅಕ್ಕ. ಮದುವೆಗೂ ಬರಿಗಾಲಾಗೇ ಬಂದಿದ್ದ. ಒಂದ್ ಜೊತೆ ಬೂಟ್ ಹಾಕ್ಸು. ಕೈಗೆ ಆ ಉದ್ದದ ಗ್ಲೌಸು."

ಇಲ್ಲಿ ನಮ್ಮೂರಿನ ಒಂದು ಪದ್ಧತಿಯನ್ನು ಹೇಳಬೇಕು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಒಳಗೋಡೆಯ ಮೇಲೆ ಅವರ ಚಿತ್ರ ಬರೆಸುತ್ತಾರೆ. ಅವರಿಗೆ ಬದುಕಿದ್ದಾಗ ಸಿಗದ ಒಂದು ವಸ್ತುವನ್ನು ಆ ಚಿತ್ರದಲ್ಲಿ ಸೇರಿಸುವುದು ಬರೆಯುವವರ ಮರ್ಯಾದೆ. ಬಳೆ ಕಾಣದ ಕೈಗೆ ಚಿನ್ನದ ಬಳೆ, ನಡೆದೇ ಸವೆದವನ ಪಕ್ಕಕ್ಕೆ ಒಂದು ಸೈಕಲ್ಲು. ಅವು ಉದುರುವುದಿಲ್ಲ. ಆ ಚಿತ್ರಗಳ ಕೆಳಗೆ ಹೆಸರು ಬರೆಯುವುದಿಲ್ಲ, ಮನೆಯವರಿಗೆ ಹೆಸರು ಗೊತ್ತಿರುತ್ತದಲ್ಲ. ಮೋನಕ್ಕ ಇಂಥ ಮುನ್ನೂರು ಚಿತ್ರಗಳನ್ನಾದರೂ ಬರೆದಿದ್ದಳು. ಅಂಥ ಚಿತ್ರವನ್ನು ಬೀದಿಯ ಗೋಡೆಯ ಮೇಲೆ ಬರೆಯುತ್ತಿದ್ದುದು ಇದೇ ಮೊದಲು.

ಹದಿನೈದರಂದು, ಸೋಮವಾರ, ಬೆಳಗ್ಗೆ ಏಳಕ್ಕೆ ಶುರು ಮಾಡಿದಳು. ನಾನು ಹೋಗಿ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಅವಳ ಕೆಲಸದ ಕ್ರಮ ಹೀಗೆ: ಮೊದಲು ಮೈ, ಆಮೇಲೆ ಬಟ್ಟೆ. ಪಾದದ ಬೆರಳುಗಳು, ಹಿಮ್ಮಡಿಯ ಬಿರುಕು, ಅಂಗೈಯ ಗೆರೆ ಎಲ್ಲವನ್ನೂ ಬರೆದು, ಒಣಗಿದ ಮೇಲೆ ಅದರ ಮೇಲೆ ತೊಡಿಸುವುದು. "ಒಳಗೆ ಕಾಲು ಇಲ್ದೆ ಬೂಟ್ ಬರದ್ರೆ ಅದು ಬೂಟಿನ ಅಂಗಡಿ ಬೋರ್ಡ್ ಆಗ್ತೈತೆ" ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಓಬಳೇಶ ಗೋಡೆಯ ಮೇಲೆ ಎದ್ದು ನಿಂತಿದ್ದ. ತೆಳ್ಳಗಿನ ಮುಖ, ಒಂದು ಹುಬ್ಬು ಸ್ವಲ್ಪ ಮೇಲೆ, ಯಾವುದೋ ಮಾತಿಗೆ ನಗು ತಡೆದುಕೊಂಡವನಂತೆ. ಅವಳು ಕಪ್ಪು ಬಣ್ಣದ ಡಬ್ಬಿ ತೆರೆದಾಗ ನಾನು ಕೇಳಿದೆ: "ಮೋನಕ್ಕ, ಬೂಟು ಬೇಕಾ?"

"ಇದು ಚಿತ್ರ ಕಣಪ್ಪ, ನಿನ್ ವರದಿ ಅಲ್ಲ. ಸತ್ತೋನಿಗೆ ಒಂದ್ ಆಸೆ ಬರದ್ರೆ ಗೋಡೆ ಬ್ಯಾಡ ಅನ್ನಲ್ಲ."

ಬೂಟು ಬರೆದಳು. ಮೊಣಕೈವರೆಗೆ ಗ್ಲೌಸು ಬರೆದಳು. ಕೊನೆಗೆ ಮಾರೆಕ್ಕ ಕೇಳಿದ್ದ ಹಾಗೆ ಕೆಳಗೆ ದಪ್ಪ ಅಕ್ಷರದಲ್ಲಿ 'ಓಬಳೇಶ, ಪುರಸಭೆಯ ಕೆಲಸಗಾರ' ಎಂದು ಬರೆದಳು. ಹೆಸರು ಬಿದ್ದ ಮೇಲೆ ಅದು ಆಸೆಯ ಚಿತ್ರವಾಗಿ ಉಳಿಯಲಿಲ್ಲ, ಸಾಕ್ಷಿಯಾಯಿತು. ಆ ಕ್ಷಣದಲ್ಲಿ ಅದು ನಮಗಿಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ಮುಖ್ಯಾಧಿಕಾರಿಗೆ.

ಮೂರು ಗಂಟೆಗೆ ವಿಶ್ವಾರಾಧ್ಯರು ಜೀಪಿನಲ್ಲಿ ಬಂದರು. ಸುತ್ತ ಮೂವತ್ತು ಮಂದಿಯಾದರೂ ಸೇರಿದ್ದರು. "ಏನಮ್ಮ ಇದು? ಪುರಸಭೆ ಗೋಡೆ ಮೇಲೆ ಬರೆಯೋಕೆ ಪರವಾನಿಗೆ ಎಲ್ಲಿ?"

"ಯಾಕ್ ಸಾರ್ ಗಾಬರಿ? ಸುಳ್ಳಾಗಿದ್ರೆ ನಾಳೆ ತಾನೇ ಉದುರ್ತೈತೆ. ನಿಮಗೆ ಸುಣ್ಣದ ಕೆಲ್ಸಾನೂ ಇಲ್ಲ."

ಜನ ನಕ್ಕರು. ಅವರು ಇನ್ನೇನೋ ಹೇಳಲು ಬಾಯಿ ತೆರೆದವರು ಚಿತ್ರದ ಕಾಲಿನ ಕಡೆ ನೋಡಿದರು. ಹತ್ತಿರ ಹೋದರು. ಮುಖ ಅರಳಿತು. "ಬೂಟು, ಗ್ಲೌಸು ಎಲ್ಲಾ ಹಾಕಿದೀರಲ್ಲ! ಒಳ್ಳೇದಾಯ್ತು ಬಿಡಿ. ನಮ್ಮ ರಿಜಿಸ್ಟರ್‌ನಲ್ಲೂ ಹೀಗೇ ಇದೆ." ಫೋನ್ ತೆಗೆದು ನೇರದಿಂದ ಒಂದು, ಎಡಬಲದಿಂದ ಒಂದೊಂದು ಫೋಟೊ ಹೊಡೆದುಕೊಂಡರು. ನಾಳೆ ಬೆಳಗ್ಗೆಯವರೆಗೆ ಕಾಯುವ ಮನುಷ್ಯ ಅವರಲ್ಲ.

ಜೀಪು ಹೋದ ಮೇಲೆ ಮಾರೆಕ್ಕನ ಮುಖ ಸುಣ್ಣವಾಗಿತ್ತು. "ಅಳಿಸಿಬಿಡು ಅಕ್ಕ. ಬೂಟ್ ಕೊಟ್ಟಿದ್ರು ಅಂತ ನಾವೇ ಹೇಳ್ದಂಗಾಯ್ತು."

ಮೋನಕ್ಕ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಈಗ ಅಳ್ಸಿದ್ರೆ ಮುಚ್ಚಿಟ್ಟಂಗೆ. ಒಣಗ್ಲಿ."

ಮಂಗಳವಾರ ಬೆಳಗ್ಗೆ ಆರೂವರೆಗೆ ನಾನು ಹೋಗುವಷ್ಟರಲ್ಲಿ ಪೌರಕಾರ್ಮಿಕರೆಲ್ಲ ಅಲ್ಲಿದ್ದರು. ಯಾರೂ ಪೊರಕೆ ಆಡಿಸುತ್ತಿರಲಿಲ್ಲ. ಬಿಸಿಲು ಮೊದಲು ಮುಖಕ್ಕೆ ಬಿತ್ತು; ಮುಖ ನಿಂತಿತು. ಅಂಗಿ ನಿಂತಿತು. ಬಿಸಿಲು ಮೊಣಕೈಗೆ ಇಳಿದಾಗ ಗ್ಲೌಸು ಸಣ್ಣಗೆ ಸದ್ದು ಮಾಡಿ ಬಿರಿಯಿತು, ತುಂಡು ತುಂಡಾಗಿ ಬಿತ್ತು. ಆಮೇಲೆ ಬೂಟು. ಕಪ್ಪು ಹಕ್ಕಳೆಗಳು ಗೋಡೆಯ ಬುಡದಲ್ಲಿ ಒಂದು ಗೇಣು ಗುಡ್ಡೆಯಾದವು. ಒಳಗಿದ್ದ ಪಾದಗಳು ಹೊರಗೆ ಬಂದವು, ಹಿಮ್ಮಡಿಯ ಬಿರುಕಿನ ಸಮೇತ. ಉಳಿದದ್ದೆಲ್ಲ ಹಾಗೇ ಇತ್ತು. ಹೆಸರಿನ ಒಂದು ಅಕ್ಷರವೂ ಅಲುಗಿರಲಿಲ್ಲ. ಮಾರೆಕ್ಕ ಹಕ್ಕಳೆಗಳನ್ನು ಸೆರಗಿಗೆ ತುಂಬಿಕೊಂಡಳು. ಅವಳ ತಮ್ಮ ತಿಪ್ಪೇಶ ಆ ಪಾದಗಳನ್ನೇ ನೋಡುತ್ತಾ, "ನಮ್ ಭಾವ ನಮಗೇ ಬಂದ" ಎಂದ.

ಗೆದ್ದೆವು ಎಂದುಕೊಂಡೆವು. ಗುರುವಾರ ಹತ್ತು ಗಂಟೆಗೆ ಪಂಪ್ ಹೌಸಿನ ಗೋಡೆಗೆ ಅಡ್ಡಲಾಗಿ ಮರದ ಚೌಕಟ್ಟು ಹೊಡೆದು ಒಂದು ಫ್ಲೆಕ್ಸ್ ಕಟ್ಟಿದರು. ಅದರಲ್ಲಿದ್ದದ್ದು ಮೋನಕ್ಕ ಬರೆದ ಓಬಳೇಶನೇ. ಸೋಮವಾರದ ಫೋಟೊ. ಕಾಲಿಗೆ ಬೂಟು, ಕೈಗೆ ಗ್ಲೌಸು. ಮೇಲೆ 'ಕಾರ್ಮಿಕರ ಸುರಕ್ಷತೆಯೇ ನಮ್ಮ ಸೇವೆ' ಎಂದಿತ್ತು. ನಾಲ್ಕು ದಿಕ್ಕಿನಿಂದ ಬಿಸಿಲು ಬಿದ್ದರೂ ಅದು ಉದುರುವಂತಿರಲಿಲ್ಲ. ಜಿಲ್ಲೆಯ ಅಧಿಕಾರಿ ಹೊಸಬರು. ಅವರ ಕಣ್ಣಿಗೆ ಬೀಳುವುದು ಇದು, ಜೊತೆಗೆ ರಿಜಿಸ್ಟರು.

ತಿಪ್ಪೇಶ ಕುಡುಗೋಲು ತಂದ. ಮೋನಕ್ಕ ತಡೆದಳು. "ಹರಿದ್ರೆ ಪುರಸಭೆ ಆಸ್ತಿ ಹಾಳು ಮಾಡ್ದ ಅಂತ ನಿನ್ನ ಸ್ಟೇಷನ್ನಿಗೆ ಎಳೀತಾರೆ. ನಿಲ್ಲು. ಆ ಬೂಟ್ ಬರ್ದಿದ್ದು ನಾನು. ತಿದ್ದೋದೂ ನಾನೇ."

ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಪೇಪರ್‌ನೋರು ತಪ್ಪು ಬರದ್ರೆ ಏನ್ ಮಾಡ್ತೀರಪ್ಪ?"

"ತಿದ್ದುಪಡಿ ಹಾಕ್ತೀವಿ."

"ನೀನು ಹಾಕಿದೀಯಾ?"

ನಾಳೆ ಶುಕ್ರವಾರ ಎಂದೆ.

ಫ್ಲೆಕ್ಸಿನ ಪಕ್ಕದ ಗೋಡೆ ಗೌಸಣ್ಣನ ಟೇಲರ್ ಅಂಗಡಿಯದು. ಕೇಳಿದ ಕೂಡಲೆ ಕೊಟ್ಟ. ನಮ್ಮೂರಿನಲ್ಲಿ ಬೋರ್ಡ್ ಬರೆಯುವವರು ತಮ್ಮ ಹೆಸರನ್ನು ಕೆಳಗೆ ಹಾಕುವುದಿಲ್ಲ. ಹಾಕಿದರೆ ಮೇಲಿನ ಪ್ರತಿ ಮಾತಿಗೂ ಅವರೇ ಹೊಣೆ. ಮೋನಕ್ಕ ಹೆಸರು ಹಾಕಿ ಬರೆಯುವೆನೆಂದಳು: ಆ ಬೂಟು ನನ್ನ ತಪ್ಪು, ಓಬಳೇಶನಿಗೆ ಯಾರೂ ಬೂಟು ಕೊಟ್ಟಿರಲಿಲ್ಲ. ಬಣ್ಣ ಕಲಸಿದಳು. ಕುಂಚ ಎತ್ತಿದಳು. ಮತ್ತೆ ಕೆಳಗಿಟ್ಟಳು.

"ಇದನ್ನ ನಾನು ಕಂಡಿದೀನಾ? ಇಲ್ಲ. ಮಾರೆಕ್ಕ ಒಬ್ಳೇ ಹೇಳಿದ್ದು. ನಡಿ."

ಅವತ್ತು ಮಧ್ಯಾಹ್ನದಿಂದ ಸಂಜೆವರೆಗೆ ನಾವಿಬ್ಬರೂ ಹತ್ತೊಂಬತ್ತು ಕಾರ್ಮಿಕರ ಮನೆಗೂ ಹೋದೆವು. ಅವಳು ಕೇಳಿದಳು, ನಾನು ಬರೆದುಕೊಂಡೆ. ನಿನಗೆ ಬೂಟು ಕೊಟ್ಟಿದ್ದರಾ? ಓಬಳೇಶನಿಗೆ ಯಾವತ್ತಾದರೂ ಕೊಟ್ಟದ್ದನ್ನು ಕಂಡಿದ್ದೆಯಾ? ಎಲ್ಲಿ? ಯಾವಾಗ? ಹದಿನಾರು ಮನೆಯಲ್ಲಿ 'ಇಲ್ಲ' ಎಂಬ ಉತ್ತರ ಬಂತು. ಹದಿನೇಳನೆಯ ಮನೆ ಹಿರಿಯ ಕಾರ್ಮಿಕ ಪಾಲಯ್ಯನದು. ಅವನು ತಲೆ ಕೆರೆದುಕೊಂಡ.

"ಒಂದ್ ಸಲ ಹಾಕಿದ್ದ ಕಣವ್ವ. ಅಕ್ಟೋಬರ್ ಎರಡಕ್ಕೆ, ಪುರಸಭೆ ಅಂಗಳದಾಗೆ. ಇರೋದೇ ಒಂದ್ ಜೊತೆ, ಸ್ಟೋರ್‌ನಾಗೆ ಬೀಗ ಹಾಕಿರ್ತಾರೆ. ನಮ್ಮನ್ನ ಸಾಲಾಗಿ ನಿಲ್ಸಿ, ಒಬ್ರಾದ ಮೇಲೆ ಒಬ್ರಿಗೆ ಹಾಕ್ಸಿ ಫೋಟೊ ಹೊಡುದ್ರು. ನಂಗೆ ಬಿಗಿ ಆಯ್ತು. ಅವ್ನಿಗೆ ಸರಿ ಹೋಗಿತ್ತು. ಹತ್ತು ನಿಮಿಷಕ್ಕೆ ಬಿಚ್ಚಿಸ್ಕಂಡು ರಿಜಿಸ್ಟರ್‌ಗೆ ಹೆಬ್ಬೆಟ್ಟು ಹಾಕಿಸ್ಕಂಡ್ರು."

ನಾನು ಮೋನಕ್ಕನ ಮುಖ ನೋಡಿದೆ. 'ಯಾರೂ ಕೊಟ್ಟಿರಲಿಲ್ಲ' ಎಂದು ಬರೆದಿದ್ದರೆ ಆ ಸಾಲು ಬೆಳಗ್ಗೆ ಎಲ್ಲರೆದುರು ಉದುರುತ್ತಿತ್ತು. ಅವಳ ಹೆಸರಿನ ಜೊತೆ ಮಾರೆಕ್ಕನ ಮಾತೂ ಬೀಳುತ್ತಿತ್ತು. ನಾವು ಉಳಿದ ಎರಡು ಮನೆಗಳಿಗೂ ಹೋಗಿ ಕೇಳಿದೆವು. ಅವರೂ ಪಾಲಯ್ಯ ಹೇಳಿದ್ದನ್ನೇ ಹೇಳಿದರು. ಮೊದಲ ಹದಿನಾರು ಮನೆಯವರು ಇದನ್ನು ಯಾಕೆ ಹೇಳಲಿಲ್ಲ ಎಂದು ತಿಪ್ಪೇಶನನ್ನು ಮತ್ತೆ ಕೇಳಿದಾಗ ಅವನಿಗೆ ನಗು ಬಂತು: "ಅದನ್ನ ಕೊಡೋದು ಅಂತಾರೇನಕ್ಕ?"

ಶುಕ್ರವಾರ ಅವಳು ಗೌಸಣ್ಣನ ಗೋಡೆಯ ಮೇಲೆ ಬರೆದದ್ದನ್ನು ಇದ್ದ ಹಾಗೇ ಕೊಡುತ್ತೇನೆ: 'ಪಕ್ಕದ ಫ್ಲೆಕ್ಸಿನಲ್ಲಿ ಕಾಣುವ ಬೂಟು, ಗ್ಲೌಸು ನಾನು ಬರೆದದ್ದು. ಬರೆದದ್ದು ನನ್ನ ತಪ್ಪು. ಓಬಳೇಶನಿಗೆ ಅಕ್ಟೋಬರ್ ೨ರಂದು ಫೋಟೊಗಾಗಿ ಹತ್ತು ನಿಮಿಷ ಬೂಟು ಹಾಕಿಸಿ ಬಿಚ್ಚಿಸಿಕೊಂಡರು. ಫೆಬ್ರವರಿ ೯ರಂದು ಬರಿಗಾಲಲ್ಲಿ ಈ ಗುಂಡಿಗೆ ಇಳಿಸಿದರು. ಮೋನಮ್ಮ, ಬೋರ್ಡ್ ಬರೆಯುವವಳು.' ಅದೇ ದಿನ ನನ್ನ ಪತ್ರಿಕೆಯ ಮೊದಲ ಪುಟದಲ್ಲಿ ಹಿಂದಿನ ವಾರದ ಆರು ಸಾಲಿಗೆ ತಿದ್ದುಪಡಿ ಬಂತು. ಸಂಜೆ ಮೋನಕ್ಕನನ್ನು ಕರೆಸಿ ಆ ತಿದ್ದುಪಡಿಯನ್ನು ನನ್ನ ಕಚೇರಿಯ ಗೋಡೆಯ ಮೇಲೂ ಬರೆಸಿದೆ, ನನ್ನ ಹೆಸರಿನ ಸಮೇತ. ಶನಿವಾರ ಬೆಳಗ್ಗೆ ಎದ್ದವನೇ ಹೊರಗೆ ಓಡಿದೆ. ನಿಂತಿತ್ತು. ಗೌಸಣ್ಣನ ಗೋಡೆಯ ಮೇಲೂ ಒಂದು ಚುಕ್ಕಿ ಉದುರಿರಲಿಲ್ಲ. ಟೆಂಡರ್ ಜಾಹೀರಾತು ಮತ್ತೆ ಬರಲಿಲ್ಲ.

ಸೋಮವಾರ ಪುರಸಭೆ ಮೋನಕ್ಕನಿಂದ ಮನೆ ನಂಬರ್ ಬರೆಯುವ ಕೆಲಸ ಕಿತ್ತುಕೊಂಡಿತು. ಊರಿನ ಮನೆಗಳಿಗೆ ಒಂದರಿಂದ ನಾನೂರ ಹನ್ನೆರಡರವರೆಗೆ ಬರೆದಿದ್ದಳು. ಮಿಕ್ಕದ್ದನ್ನು ಬರೆಯಲು ಬೋರ್ಡ್ ಬರೆಯುವ ಉಳಿದ ಆರು ಮಂದಿಯನ್ನೂ ಒಬ್ಬೊಬ್ಬರಾಗಿ ಕರೆದರು. ಕೊನೆಗೆ ಆರು ಮಂದಿಯೂ ಒಲ್ಲೆ ಎಂದರು. ಒಬ್ಬ ಮೊದಲು ಒಪ್ಪಿಕೊಂಡಿದ್ದ. ನಾಲ್ಕು ಮನೆಯವರು ಬಾಗಿಲು ತೆಗೆಯದೆ ಇದ್ದುದಕ್ಕೆ ವಾಪಸ್ ಬಂದ. ಆಮೇಲೆ ಏಳೂ ಮಂದಿ ಸೇರಿ ಕೇಳಿದವರ ಗೋಡೆಗೆಲ್ಲ ಬರಿಗಾಲಿನ ಓಬಳೇಶನನ್ನು ಬರೆಯತೊಡಗಿದರು. ನಾನು ಎಣಿಸಿದ ಹಾಗೆ ಇಪ್ಪತ್ತೇಳು ಗೋಡೆ. ಹೋಟೆಲಿನವರು ಕೊಡಲಿಲ್ಲ. "ತಿನ್ನೋ ಜಾಗದಲ್ಲಿ ಗಟಾರದ ಚಿತ್ರ ಯಾಕಮ್ಮ?" ಎಂದರು. ಮೋನಕ್ಕ ಜಗಳಕ್ಕೆ ಹೋಗಲಿಲ್ಲ. "ತಿಂದದ್ದು ಎಲ್ಲಿಗ್ ಹೋಗ್ತೈತೆ ಅಂತ ನಿಮಗೆ ಗೊತ್ತಿರ್ಬೇಕಲ್ಲ, ಭಟ್ರೆ" ಎಂದು ಡಬ್ಬಿ ಎತ್ತಿಕೊಂಡಳು.

ಇಪ್ಪತ್ತಾರರಂದು ಹನ್ನೊಂದು ಗಂಟೆಗೆ ಜಿಲ್ಲೆಯ ಅಧಿಕಾರಿ ಬಂದರು. ಮೂವತ್ತೈದು ದಾಟದ ಹೆಂಗಸು, ಈ ಊರಿಗೆ ಅದೇ ಮೊದಲ ಸಲ. ವಿಶ್ವಾರಾಧ್ಯರು ಗುಂಡಿಯ ಮುಚ್ಚಳ ತೋರಿಸಿದರು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ತೋರಿಸಿದರು, ಫ್ಲೆಕ್ಸ್ ತೋರಿಸಿದರು. ಅಧಿಕಾರಿ ಗೌಸಣ್ಣನ ಗೋಡೆಯನ್ನೂ ಓದಿದರು, ಎರಡು ಸಲ.

"ಇದೇನಿದು?"

"ಕಿಡಿಗೇಡಿತನ ಮೇಡಂ" ಎಂದರು ವಿಶ್ವಾರಾಧ್ಯರು.

ಮಾರೆಕ್ಕ ಮುಂದೆ ಬಂದಳು. "ಅವ್ವ, ನಾನು ಸತ್ತೋನ ಹೆಂಡ್ತಿ. ನಂದು ಒಂದೇ ಮಾತು. ಆ ರಿಜಿಸ್ಟರ್‌ನಾಗೆ ಇರೋದನ್ನೇ ಸಾಹೇಬ್ರು ಈ ಗೋಡೆ ಮೇಲೆ ಒಂದ್ ಸಾಲು ಬರೀಲಿ. ಬೂಟ್ ಕೊಟ್ಟಿದ್ವಿ, ಅವ್ನೇ ಹಾಕ್ಕೊಳ್ದೆ ಇಳಿದ ಅಂತ. ಬೇರೇನೂ ಬ್ಯಾಡ."

"ಬರೆದರೆ ಏನಾಗುತ್ತೆ?"

ಗೌಸಣ್ಣ ಅಂಗಡಿಯೊಳಗಿಂದಲೇ ಹೇಳಿದ: "ನಿಜ ಆಗಿದ್ರೆ ಏನೂ ಆಗಲ್ಲ ಮೇಡಂ."

ಆ ಹೆಂಗಸು ವಿಶ್ವಾರಾಧ್ಯರ ಕಡೆ ತಿರುಗಿದರು. "ಬರೀರಿ. ನಿಮಗೇನು ತೊಂದರೆ?"

"ನನ್ನ ಅಕ್ಷರ ಚೆನ್ನಾಗಿಲ್ಲ ಮೇಡಂ."

"ನಾನ್ ಬರ್ಕೊಡ್ತೀನಿ ಸಾರ್" ಎಂದಳು ಮೋನಕ್ಕ. ಡಬ್ಬಿಯ ಮುಚ್ಚಳ ಆಗಲೇ ತೆರೆದಿತ್ತು. "ನೀವು ಹೇಳ್ತಾ ಹೋಗಿ. ಕೆಳಗೆ ಹೆಸರು ಮಾತ್ರ ನಿಮ್ದು."

"ಸರ್ಕಾರಿ ದಾಖಲೆನ ಗೋಡೆ ಮೇಲೆ ಬರೆಯೋ ನಿಯಮ ಇಲ್ಲ."

"ಫ್ಲೆಕ್ಸ್ ಮೇಲೆ ಹಾಕೋ ನಿಯಮ ಐತಾ?"

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ವಿಶ್ವಾರಾಧ್ಯರ ಕುತ್ತಿಗೆಯ ಬೆವರು ಕಾಲರಿಗೆ ಇಳಿಯುತ್ತಿತ್ತು. ಜಿಲ್ಲೆಯ ಅಧಿಕಾರಿಗೆ ನಮ್ಮೂರಿನ ಗೋಡೆಗಳ ವಿಷಯ ಗೊತ್ತಿರಲಿಲ್ಲ. ಆದರೆ ಒಂದು ಸಾಲು ಬರೆಯಲು ಹೆದರುವ ಮನುಷ್ಯನನ್ನು ಗುರುತಿಸಲು ಅದು ಗೊತ್ತಿರಬೇಕಾಗಿಯೂ ಇರಲಿಲ್ಲ. ರಿಜಿಸ್ಟರು ಮುಚ್ಚಿದರು. "ಈ ಫ್ಲೆಕ್ಸ್ ಹಿಂದೆ ಏನಿದೆ, ಬಿಚ್ಚಿಸಿ" ಎಂದರು. ಬಿಚ್ಚಿದರು. ಅವರು ಆ ಪಾದಗಳ ಎದುರು ನಿಂತು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದುಕೊಂಡರು. ಏನು ಬರೆದರೆಂದು ನನಗೆ ಗೊತ್ತಿಲ್ಲ. ವರದಿ ಇನ್ನೂ ಹೊರಗೆ ಬಂದಿಲ್ಲ. ಬಂದ ದಿನ ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.

ಮಾರ್ಚ್ ಹನ್ನೊಂದರಂದು ಸಂತೆಬೀದಿಯ ಗುಂಡಿ ಕಟ್ಟಿಕೊಂಡಿತು. ಬೆಳಗ್ಗೆ ಎಂಟಕ್ಕೆ ಮೇಸ್ತ್ರಿ ಬಂದು ಮುಚ್ಚಳ ತೆಗೆಸಿ, ತಿಪ್ಪೇಶನಿಗೆ "ಇಳಿಯಲೇ" ಎಂದ. ಎರಡನೆಯ ಸಲ ಹೇಳುವಷ್ಟರಲ್ಲಿ ಮೋನಕ್ಕ ಡಬ್ಬಿ, ಕುಂಚದೊಂದಿಗೆ ಅಲ್ಲಿದ್ದಳು. ಅವಳ ಹಿಂದೆ ಇನ್ನೂ ಇಬ್ಬರು ಬೋರ್ಡ್ ಬರೆಯುವವರಿದ್ದರು. ಮಾರೆಕ್ಕ ಮೇ‍ಸ್ತ್ರಿಗೆ ಹೇಳಿದಳು: "ಇಳೀತಾನೆ. ಅದಕ್ಕೆ ಮೊದ್ಲು ಎದುರಿನ ಗೋಡೆ ಮೇಲೆ ಬರ್ಸು. 'ನಾನು ಇಂಥೋನು, ಇಂಥೋರ ಮಾತು ಕೇಳಿ, ಈ ತಿಪ್ಪೇಶನ್ನ ಬರಿಗಾಲಾಗೆ, ಬರಿಗೈಯಾಗೆ ಗುಂಡಿಗೆ ಇಳಿಸ್ತಿದೀನಿ' ಅಂತ. ಹೆಸರು ಹೇಳು, ಅಕ್ಕ ಬರ್ಕೊಡ್ತಾಳೆ."

ಮೇಸ್ತ್ರಿ ಗೋಡೆ ನೋಡಿದ. ಆ ಮಾತು ಉದುರುವಂಥದ್ದಲ್ಲ. ಅವನು ಸತ್ತ ಮೇಲೂ, ಅವನ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಫೋನ್ ತೆಗೆದು ದೂರ ಹೋಗಿ ಮಾತಾಡಿದ. ಆ ಕಡೆಯವರೂ ತಮ್ಮ ಹೆಸರು ಬರೆಸಲು ಒಪ್ಪಿದಂತೆ ಕಾಣಲಿಲ್ಲ. ಮುಚ್ಚಳ ಹಾಕಿಸಿ ಹೋದ. ಅಂದಿನಿಂದ ಪುರಸಭೆಯವರು ಎಲ್ಲಿ ಗುಂಡಿ ತೆರೆದರೂ ಏಳು ಮಂದಿಯಲ್ಲಿ ಒಬ್ಬರು ಬಣ್ಣದ ಡಬ್ಬಿಯ ಜೊತೆ ಅಲ್ಲಿ ನಿಂತಿರುತ್ತಾರೆ. ಸರದಿಯನ್ನು ತಮ್ಮ ತಮ್ಮಲ್ಲೇ ಹಂಚಿಕೊಂಡಿದ್ದಾರೆ.

ಇದನ್ನು ಬರೆಯುತ್ತಿರುವುದು ಏಪ್ರಿಲ್ ಮೂರರಂದು. ಗುಂಡಿ ಕಟ್ಟಿ ಇಪ್ಪತ್ತಮೂರು ದಿನವಾಯಿತು. ಗಟಾರ ಸಂತೆಬೀದಿಯ ಮೇಲೆಯೇ ಹರಿಯುತ್ತಿದೆ. ನಾವು ಇಟ್ಟಿಗೆ ಜೋಡಿಸಿ ದಾಟುತ್ತೇವೆ, ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುತ್ತೇವೆ. ಯಂತ್ರ ತರಿಸುವ ಕಡತ ಜಿಲ್ಲೆಗೆ ಹೋಗಿದೆ ಎಂದು ಪುರಸಭೆ ಬಾಯಲ್ಲಿ ಹೇಳುತ್ತದೆ, ಗೋಡೆಯ ಮೇಲೆ ಹೇಳುವುದಿಲ್ಲ. ಹೋಟೆಲಿನ ಭಟ್ಟರು ಮೋನಕ್ಕನನ್ನು ಅಡ್ಡಗಟ್ಟಿ, "ನಿಮ್ಮಿಂದ ನನ್ನ ವ್ಯಾಪಾರ ಮುಳುಗಿತು" ಎಂದರು. "ಭಟ್ರೆ, ಗುಂಡಿ ಅಲ್ಲೇ ಐತೆ. ನೀವೇ ಇಳಿದು ತೆಗೀರಿ, ನಿಮ್ಮ ಹೆಸರು ದೊಡ್ಡದಾಗಿ ಬರೀತೀನಿ" ಎಂದಳು. ಮೊನ್ನೆ ಬುಧವಾರ ನೀರು ಮುಖ್ಯಾಧಿಕಾರಿಗಳ ಮನೆಯ ಮೆಟ್ಟಿಲು ಮುಟ್ಟಿತು. ಅವರ ಮನೆಯವರು ಗೇಟಿನ ಹತ್ತಿರ ಬಂದು, "ಯಾರಾದ್ರೂ ಇಳೀರಪ್ಪಾ, ಬಾಗಿಲಿಗೇ ಬಂತು" ಎಂದು ಕೂಗಿದರು. ತಿಪ್ಪೇಶ ಎದುರಿನ ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಚಹಾ ಕುಡಿಯುತ್ತಿದ್ದ. ಲೋಟ ಕೆಳಗಿಡದೆ, "ಯಂತ್ರ ಬರ್ತೈತಂತೆ ಅಮ್ಮಾ, ಕಾಯಿರಿ" ಎಂದ. ಇನ್ನೊಂದು ಗುಟುಕು ಕುಡಿದ.